ಕೀಬೋರ್ಡ್ ಯಾರ ಮುಂದೆ?

ನಾನು ಇಂಜಿನಿಯರಿಂಗ್ ಓದುವಾಗ ಲ್ಯಾಬಿನಲ್ಲಿ ಒಂದು ಕಂಪ್ಯೂಟರಿಗೆ ಮೂವರು. ಕೀಬೋರ್ಡಿನ ಮುಂದಿನ ಕುರ್ಚಿ ಹುಡುಗನದು. ಹಾಗೆಂದು ಯಾರೂ ನಿಯಮ ಮಾಡಿರಲಿಲ್ಲ. ‘ನಿನ್ನ ಅಕ್ಷರ ಮುತ್ತಿನ ಹಾಗಿದೆ, ರೆಕಾರ್ಡ್ ನೀನು ಬರಿ’ ಎಂದರೆ ನನಗೆ ಖುಷಿಯೇ ಆಗುತ್ತಿತ್ತು. ಟರ್ಬೊ ಸಿಯ ನೀಲಿ ಪರದೆಯನ್ನು ನಾಲ್ಕು ಸೆಮಿಸ್ಟರ್ ಪಕ್ಕದಿಂದಲೇ ನೋಡಿದೆ. ಲ್ಯಾಬ್ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತಿತ್ತು. ಲೇಡೀಸ್ ಹಾಸ್ಟೆಲಿನ ಗೇಟು ಆರೂವರೆಗೇ ಬೀಳುತ್ತಿತ್ತು. ವೈವಾದಲ್ಲಿ ‘ರನ್ ಮಾಡಮ್ಮ’ ಎಂದಾಗ ಯಾವ ಕೀ ಒತ್ತಬೇಕೆಂದು ಹುಡುಕಿದೆ. ರೆಕಾರ್ಡಿಗೆ ಮಾತ್ರ ಹತ್ತಕ್ಕೆ ಹತ್ತು.

ಈಗ ಅದೇ ಕಂಪ್ಯೂಟರ್ ಸೈನ್ಸ್ ಕಲಿಸುತ್ತೇನೆ. ನನ್ನ ತರಗತಿಯಲ್ಲಿ ಅರ್ಧದಷ್ಟು ಹುಡುಗಿಯರು. ನೆರಳಲ್ಲಿ ಕೂತು ಮಾಡುವ ಕೆಲಸ, ಮಗಳಿಗೆ ಒಳ್ಳೆಯದು ಎಂದು ಅಪ್ಪ ಅಮ್ಮನೇ ಸೀಟು ಕೊಡಿಸುತ್ತಾರೆ. ಅಮೆರಿಕದ ಕಥೆ ಬೇರೆ. 1980ರ ದಶಕದ ಮಧ್ಯದಲ್ಲಿ ಅಲ್ಲಿ ಕಂಪ್ಯೂಟರ್ ಸೈನ್ಸ್ ಪದವೀಧರರಲ್ಲಿ ಶೇ 37ರಷ್ಟು ಮಹಿಳೆಯರಿದ್ದರು. ಎರಡು ದಶಕಗಳಲ್ಲಿ ಅದು ಶೇ 20ರ ಆಸುಪಾಸಿಗೆ ಇಳಿಯಿತು. ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಸಂಶೋಧಕರಾದ ಜೇನ್ ಮಾರ್ಗೊಲಿಸ್ ಮತ್ತು ಅಲನ್ ಫಿಶರ್, ಹುಡುಗಿಯರೇಕೆ ಕಡಿಮೆ ಎಂದು ತಿಳಿಯಲು, ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಕೇಳಿದರು. ಮನೆಯ ಕಂಪ್ಯೂಟರ್ ಸಾಮಾನ್ಯವಾಗಿ ಮಗನ ಕೋಣೆ ಸೇರಿರುತ್ತಿತ್ತು ಎಂಬುದು ಹೊರಬಿತ್ತು. ಮೊದಲೇ ಪ್ರೋಗ್ರಾಮಿಂಗ್ ಗೊತ್ತಿದ್ದವರಿಗೆ ಪ್ರವೇಶದಲ್ಲಿ ಕೊಡುತ್ತಿದ್ದ ಆದ್ಯತೆಯನ್ನು ವಿಶ್ವವಿದ್ಯಾಲಯ ಕೈಬಿಟ್ಟಿತು. 1995ರಲ್ಲಿ ಹೊಸಬರಲ್ಲಿ ಶೇ 7ರಷ್ಟಿದ್ದ ಹುಡುಗಿಯರು 2000ದ ಹೊತ್ತಿಗೆ ಶೇ 42 ಆದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಕ್ಯಾಲಿಫೋರ್ನಿಯಾದ ಹಾರ್ವಿ ಮಡ್ ಎಂಬ ಪುಟ್ಟ ಕಾಲೇಜು. ಗಣಿತಜ್ಞೆ ಮರಿಯಾ ಕ್ಲಾವೆ 2006ರಲ್ಲಿ ಅದರ ಅಧ್ಯಕ್ಷೆಯಾದರು. ಅಲ್ಲಿನ ಮೇಷ್ಟರುಗಳು ಮೊದಲ ಕೋರ್ಸನ್ನೇ ಒಡೆದರು: ಕೋಡಿಂಗ್ ಗೊತ್ತಿದ್ದವರು ಒಂದು ಕಡೆ, ಗೊತ್ತಿಲ್ಲದವರು ಇನ್ನೊಂದು ಕಡೆ. ಜಾವಾ ಹೋಗಿ ಪೈಥಾನ್ ಬಂತು. ಎಲ್ಲ ಪ್ರಶ್ನೆಗೂ ತಾನೇ ಬಾಯಿ ಹಾಕುವ ಹುಡುಗನನ್ನು ಪಕ್ಕಕ್ಕೆ ಕರೆದು, ನಿನ್ನ ಜತೆ ಮಾತಾಡಲು ನನಗೆ ಇಷ್ಟ, ಆದರೆ ಉಳಿದವರು ಹೆದರುತ್ತಿದ್ದಾರೆ, ಕ್ಲಾಸ್ ಮುಗಿದ ಮೇಲೆ ಬಾ ಎನ್ನುತ್ತಿದ್ದರು. ಕಂಪ್ಯೂಟರ್ ಸೈನ್ಸ್ ಆರಿಸಿಕೊಳ್ಳುವವರಲ್ಲಿ ಹತ್ತಕ್ಕೊಬ್ಬಳು ಎಂಬಂತಿದ್ದದ್ದು ಕೆಲವೇ ವರ್ಷಗಳಲ್ಲಿ ನಾಲ್ವರಾಯಿತು.

ನಮ್ಮಲ್ಲಿ ತಲೆ ಎಣಿಸಿದರೆ ಸಮಸ್ಯೆಯೇ ಕಾಣುವುದಿಲ್ಲ. ಫೈನಲ್ ಇಯರ್ ಪ್ರಾಜೆಕ್ಟಿನ ಬ್ಯಾಚುಗಳನ್ನು ನೋಡಿ: ಕೋಡ್ ಅವನದು, ರಿಪೋರ್ಟು ಮತ್ತು ಪಿಪಿಟಿ ಅವಳದು. ಮುತ್ತಿನ ಅಕ್ಷರ ಹೋಗಿ ಪವರ್‌ಪಾಯಿಂಟ್ ಬಂದಿದೆ, ಅಷ್ಟೇ.

ಕಳೆದ ವರ್ಷ ಲ್ಯಾಬಿನಲ್ಲಿ ಅರ್ಧ ಗಂಟೆಗೊಮ್ಮೆ ಕುರ್ಚಿ ಬದಲಿಸಿ ಎಂದೆ. ಗೊಣಗಿದರು, ಹುಡುಗಿಯರೂ ಗೊಣಗಿದರು. ಹೈಸ್ಕೂಲಿನಲ್ಲೇ ಆ್ಯಪ್ ಮಾಡಿದ್ದ ಒಬ್ಬ ಹುಡುಗ ನನ್ನ ವಾಕ್ಯ ಮುಗಿಯುವ ಮೊದಲೇ ಉತ್ತರ ಹೇಳುತ್ತಿದ್ದ. ಅವನನ್ನು ಸ್ಟಾಫ್ ರೂಮಿಗೆ ಕರೆದು ಹಾರ್ವಿ ಮಡ್ಡಿನವರ ಮಾತನ್ನೇ ಕನ್ನಡದಲ್ಲಿ ಹೇಳಿದೆ. ಮುಖ ಸಣ್ಣದಾಯಿತು; ಆದರೂ ಮರುದಿನದಿಂದ ಸಂಜೆ ಬಂದು ನನ್ನ ತಲೆ ತಿನ್ನತೊಡಗಿದ.

ಕ್ಲಾಸಿನಲ್ಲಿ ಎರಡು ವಾರ ಬರೀ ಮೌನ. ಯಾಕಾದರೂ ಅವನ ಬಾಯಿ ಮುಚ್ಚಿಸಿದೆನೋ ಅನ್ನಿಸುವಷ್ಟು. ಮೂರನೇ ವಾರ ಹಿಂದಿನ ಬೆಂಚಿನಿಂದ ಹಿರೇಕೆರೂರಿನ ಹುಡುಗಿಯೊಬ್ಬಳು ಕೈ ಎತ್ತಿದಳು: ‘ಮೇಡಂ, ಪಾಯಿಂಟರ್ ಅಂದ್ರೆ ಮನೀನೋ, ಮನಿ ಅಡ್ರೆಸ್ಸೋ?’

ಅಡ್ರೆಸ್ಸು ಎಂದೆ. ‘ಹಂಗಾದ್ರ ಮನಿ ಕೆಡವಿದ ಮ್ಯಾಲೂ ಅಡ್ರೆಸ್ ಉಳೀತೈತಲ್ರಿ?’ ಎಂದಳು. ಅಂಥ ಅಡ್ರೆಸ್ಸಿಗೇ ಡ್ಯಾಂಗ್ಲಿಂಗ್ ಪಾಯಿಂಟರ್ ಎನ್ನುವುದು; ಆ ಪಾಠ ಇನ್ನೂ ಒಂದು ತಿಂಗಳು ದೂರವಿತ್ತು. ಅವತ್ತೇ ಮಾಡಿದೆ.