ಸಮೀಕ್ಷೆಯ ಪಟ್ಟಿ ಮತ್ತು ವಿಧಾನ: ಗ್ರಾಮಸಭೆಯಲ್ಲಿ ಪರಿಶೀಲಿಸಬೇಕಾದ ಅಂಶಗಳು



ಸಮೀಕ್ಷೆಯೊಂದರ ಕರಡು ಪಟ್ಟಿ ಗ್ರಾಮಸಭೆಯ ಮುಂದೆ ಬಂದಾಗ ಹೆಚ್ಚಾಗಿ ಕೇಳಿಬರುವ ಪ್ರಶ್ನೆ ಒಂದೇ: ‘ನಮ್ಮ ಹೆಸರು ಇದೆಯೇ?’ ಪ್ರಶ್ನೆ ಸಹಜವಾದುದು. ಆದರೆ ಮಾಹಿತಿಯನ್ನು ಯಾರಿಂದ, ಯಾವ ವ್ಯಾಖ್ಯೆಯಂತೆ, ಹೇಗೆ ಪಡೆಯಲಾಯಿತು ಎಂಬುದನ್ನು ಕೇಳದಿದ್ದರೆ, ಬಿಟ್ಟುಹೋದ ಒಂದು ಹೆಸರು ಸೇರಿ, ಅದೇ ಕಾರಣದಿಂದ ಹೊರಗುಳಿದ ಇತರ ಹೆಸರುಗಳು ಹೊರಗೇ ಉಳಿಯುತ್ತವೆ. 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯ ನಿದರ್ಶನದ ಮೂಲಕ ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಒಂದು ಗಣತಿ, ಹಲವು ಯೋಜನೆಗಳು

ಗಣತಿದಾರರು ಮನೆಮನೆಗೆ ತೆರಳಿ ಟ್ಯಾಬ್ಲೆಟ್ ಯಂತ್ರದಲ್ಲಿ ಉತ್ತರಗಳನ್ನು ದಾಖಲಿಸಿದ ಗಣತಿ ಇದು. ಗ್ರಾಮೀಣ ಕುಟುಂಬಗಳ ಕೊರತೆಯನ್ನು ಗುರುತಿಸಲು 7 ಸೂಚಕಗಳನ್ನು ಬಳಸಲಾಯಿತು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಹಾಗೂ 2018ರ ಆಯುಷ್ಮಾನ್ ಭಾರತ್ ಆರೋಗ್ಯ ಯೋಜನೆಗಳು ಅರ್ಹರನ್ನು ಗುರುತಿಸಲು ಈ ದತ್ತಾಂಶವನ್ನೇ ಆಧರಿಸಿದವು. ಒಂದು ದಿನ ಬಾಗಿಲಲ್ಲಿ ನಿಂತು ಕೊಟ್ಟ ಉತ್ತರವು ಹಲವು ವರ್ಷಗಳ ನಂತರ ಮನೆ ಮತ್ತು ಚಿಕಿತ್ಸೆ ಎರಡನ್ನೂ ನಿರ್ಧರಿಸಿತು.

ಪದದ ಅರ್ಥವೇ ನಿರ್ಣಾಯಕ

ಸೂಚಕಗಳಲ್ಲಿ ಮೊದಲನೆಯದು ಕಚ್ಚಾ ಗೋಡೆ ಮತ್ತು ಕಚ್ಚಾ ಚಾವಣಿಯ ಒಂದೇ ಕೋಣೆಯ ಮನೆ. ಈ ಗಣತಿಯ ವರ್ಗೀಕರಣದಲ್ಲಿ ಕೈಯಿಂದ ಮಾಡಿದ ನಾಡಹೆಂಚು ಕಚ್ಚಾ ಚಾವಣಿ. ಯಂತ್ರದಲ್ಲಿ ತಯಾರಾದ ಹೆಂಚು, ಅಂದರೆ ನಾವು ಮಂಗಳೂರು ಹೆಂಚು ಎನ್ನುವುದು, ಪಕ್ಕಾ ಚಾವಣಿ. ಮನೆಯವರು ‘ಹೆಂಚಿನ ಮನೆ’ ಎಂದಷ್ಟೇ ಹೇಳಿ, ಗಣತಿದಾರರು ತಲೆಯೆತ್ತಿ ನೋಡದೆ ದಾಖಲಿಸಿದರೆ ಫಲಿತಾಂಶವೇ ಬದಲಾಗುತ್ತದೆ.

ಎರಡನೆಯ ಸೂಚಕವು 16ರಿಂದ 59 ವರ್ಷದೊಳಗಿನ ವಯಸ್ಕರಿಲ್ಲದ ಕುಟುಂಬ. ವೃದ್ಧ ದಂಪತಿಗಳ ಮಗ ಬೆಂಗಳೂರಿನಲ್ಲಿ ಪ್ರತ್ಯೇಕ ಸಂಸಾರ ಹೂಡಿದ್ದಾನೆ ಎಂದುಕೊಳ್ಳೋಣ. ‘ಮನೆಯಲ್ಲಿ ಯಾರು ಯಾರಿದ್ದೀರಿ?’ ಎಂದರೆ ತಾಯಿ ಮಗನ ಹೆಸರನ್ನೂ ಹೇಳುವುದು ಸ್ವಾಭಾವಿಕ. ‘ಈ ಒಲೆಯ ಅಡುಗೆಯನ್ನು ನಿತ್ಯ ಉಣ್ಣುವವರು ಯಾರು?’ ಎಂದು ಕೇಳಿದಾಗ ಮಾತ್ರ ಸರಿಯಾದ ಉತ್ತರ ದೊರೆಯುತ್ತದೆ. ಏಕೆಂದರೆ ಒಟ್ಟಿಗೆ ವಾಸಿಸಿ, ಒಂದೇ ಅಡುಗೆಮನೆಯಲ್ಲಿ ಉಣ್ಣುವವರೇ ಗಣತಿಯ ಲೆಕ್ಕದಲ್ಲಿ ಒಂದು ಕುಟುಂಬ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಪ್ರಶ್ನೆ ಕೇಳಿದ ರೀತಿಯಲ್ಲಿಯೇ ದೋಷವಿದೆ.

ಸಾರ್ವಜನಿಕರ ಅಭಿಪ್ರಾಯಕ್ಕೆ ಇರುವ ಅವಕಾಶ

ಈ ಗಣತಿಯನ್ನು 1948ರ ಜನಗಣತಿ ಕಾಯ್ದೆಯಡಿ ನಡೆಸಲಿಲ್ಲ. ಆ ಕಾಯ್ದೆಯ 15ನೇ ಪ್ರಕರಣದಂತೆ ವ್ಯಕ್ತಿಗಳ ವಿವರ ಗೋಪ್ಯವಾದುದು. ಸಾಮಾಜಿಕ, ಆರ್ಥಿಕ ಗಣತಿಯಲ್ಲಾದರೋ, ಜಾತಿ ಮತ್ತು ಧರ್ಮದ ವಿವರ ಹೊರತುಪಡಿಸಿ ಉಳಿದುದನ್ನು ಕರಡಾಗಿ ಪ್ರಕಟಿಸಿ ಆಕ್ಷೇಪಣೆಗಳನ್ನು ಆಹ್ವಾನಿಸಲಾಯಿತು. ವಸತಿ ಯೋಜನೆಯಲ್ಲಿಯೂ ಪಟ್ಟಿಯನ್ನು ಗ್ರಾಮಸಭೆ ಪರಿಶೀಲಿಸುವ ಕ್ರಮವಿದೆ. ಹೀಗಿದ್ದೂ ಅರ್ಹ ಕುಟುಂಬಗಳು ಬಿಟ್ಟುಹೋದ ಕಾರಣ 2018ರ ಜನವರಿಯಿಂದ 2019ರ ಮಾರ್ಚ್‌ವರೆಗೆ ಆವಾಸ್ ಪ್ಲಸ್ ಸಮೀಕ್ಷೆಯನ್ನು ಪ್ರತ್ಯೇಕವಾಗಿ ನಡೆಸಬೇಕಾಯಿತು.

ಮಾನದಂಡಗಳೂ ಶಾಶ್ವತವಲ್ಲ. ದ್ವಿಚಕ್ರ ವಾಹನವಿದ್ದ ಕುಟುಂಬವನ್ನು ವಸತಿ ಯೋಜನೆಯಿಂದ ಹೊರಗಿಡುತ್ತಿದ್ದ ನಿಯಮವನ್ನು 2024ರಲ್ಲಿ ಕೈಬಿಡಲಾಯಿತು. ಮಾಸಿಕ ಆದಾಯದ ಮಿತಿಯನ್ನು 10,000 ರೂಪಾಯಿಯಿಂದ 15,000 ರೂಪಾಯಿಗೆ ಏರಿಸಲಾಯಿತು.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

1. ಸಮೀಕ್ಷೆ ಆರಂಭವಾಗುವ ಮುನ್ನ ಪ್ರಶ್ನಾವಳಿ ಮತ್ತು ಗಣತಿದಾರರ ಕೈಪಿಡಿಯನ್ನು ಪಡೆದು, ‘ಕುಟುಂಬ’, ‘ಕೋಣೆ’, ‘ಕಚ್ಚಾ’ ಮುಂತಾದ ಪದಗಳ ಅರ್ಥವನ್ನು ವಾರ್ಡ್ ಸಭೆಯಲ್ಲಿ ತಿಳಿಸುವುದು.

2. ತಾಂಡಾ, ಹಾಡಿ, ಗೊಲ್ಲರಹಟ್ಟಿ, ತೋಟದ ಮನೆಗಳು ಹಾಗೂ ದುಡಿಮೆಗಾಗಿ ವಲಸೆ ಹೋಗುವ ಕುಟುಂಬಗಳ ಪಟ್ಟಿಯನ್ನು ಮುಂಚಿತವಾಗಿ ಲಿಖಿತದಲ್ಲಿ ನೀಡುವುದು. ಮನೆಯವರು ಊರಿನಲ್ಲಿರುವ ತಿಂಗಳನ್ನೂ ನಮೂದಿಸುವುದು.

3. ಕರಡು ಪಟ್ಟಿಯಲ್ಲಿ ಒಂದು ಮನೆಯ ವಿವರ ಮಾತ್ರ ತಪ್ಪಿದ್ದರೆ ಆ ಕುಟುಂಬದಿಂದ ದಾಖಲೆ ಸಹಿತ ಅರ್ಜಿ ಕೊಡಿಸಿ, ಸ್ವೀಕೃತಿ ಪಡೆಯುವುದು.

4. ಒಂದೇ ಕೇರಿಯ ಹಲವು ಮನೆಗಳಲ್ಲಿ ಒಂದೇ ಬಗೆಯ ತಪ್ಪು ಕಂಡುಬಂದರೆ ಅದನ್ನು ವಿಧಾನದ ದೋಷವೆಂದು ತಿಳಿಯುವುದು. ಮನೆಗಳ ಸಂಖ್ಯೆ ಮತ್ತು ತಪ್ಪಿನ ಸ್ವರೂಪವನ್ನು ಗ್ರಾಮಸಭೆಯ ನಡವಳಿಯಲ್ಲಿ ದಾಖಲಿಸಿ, ಆ ಕೇರಿಯ ಮರುಪರಿಶೀಲನೆಗೆ ನಿರ್ಣಯ ಕೈಗೊಂಡು ಮೇಲಿನ ಕಚೇರಿಗೆ ಕಳುಹಿಸುವುದು.

ಜನಗಣತಿಗೆ ಸಂಬಂಧಿಸಿದಂತೆ ಮೊದಲ ಎರಡು ಕ್ರಮಗಳು ಮಾತ್ರ ಸಾಧ್ಯ. 2027ರ ಮಾರ್ಚ್ 1ನ್ನು ಆಧಾರ ದಿನವಾಗಿ ನಿಗದಿಪಡಿಸಿರುವ ಜನಗಣತಿಯಲ್ಲಿ ಮನೆವಾರು ಪಟ್ಟಿ ಗ್ರಾಮಸಭೆಯ ಮುಂದೆ ಬರುವುದಿಲ್ಲ, ಅದನ್ನು ಕೇಳುವುದೂ ಸಲ್ಲದು. ಆದ್ದರಿಂದ ಊರಿನ ಯಾವ ಮೂಲೆಯೂ ಬಿಟ್ಟುಹೋಗದಂತೆ ಎಣಿಕೆಗೆ ಮುನ್ನವೇ ನೋಡಿಕೊಳ್ಳುವುದು ಅಗತ್ಯ.

ಅವಧಿ ಮುಗಿದ ಮೇಲೆ ಕೊಡುವ ಅರ್ಜಿಗೆ ಬೆಲೆ ಕಡಿಮೆ. ಪಟ್ಟಿ ಅಂತಿಮಗೊಳ್ಳುವ ಮೊದಲು ನಡವಳಿಯಲ್ಲಿ ಬರೆದ ಎರಡು ಸಾಲು ಒಂದು ಕೇರಿಯ ಜನರಿಗೆ ಸೂರು ದೊರಕಿಸಬಲ್ಲದು. ಸದಸ್ಯರು ತಮ್ಮ ವಾರ್ಡಿನ ಮನೆಗಳನ್ನು ಬಲ್ಲವರು. ಆ ತಿಳಿವಳಿಕೆಯನ್ನು ಸಕಾಲದಲ್ಲಿ ದಾಖಲೆಗೆ ತರಬೇಕೆಂದು ಕೋರಲಾಗಿದೆ.