ಬೆನ್ನಿಗೊಂದು ಸೂಜಿ

ಗುಂಡ್ಲುಪೇಟೆಯಿಂದ ಹೊರಟ ಆಂಬುಲೆನ್ಸು ತೆರಕಣಾಂಬಿ ದಾಟುವಾಗ ಚೆಂಡುಹೂವಿನ ಹೊಲಗಳ ಘಾಟು ಕಿಟಕಿಯೊಳಕ್ಕೆ ನುಗ್ಗುತ್ತದೆ. ಒಳಗೆ ಮಲಗಿದ ಬಸುರಿಗೆ ಅದರ ಪರಿವೆಯಿಲ್ಲ. ತಲೆ ಸಿಡಿಯುತ್ತಿದೆ, ಕಣ್ಣು ಮಂಜಾಗುತ್ತಿದೆ, ಊದಿದ ಬೆರಳಿಗೆ ಕಾಲುಂಗುರ ಕಚ್ಚಿಕೊಂಡಿದೆ. ಅತ್ತೆಯ ಮಡಿಲಲ್ಲಿರುವ ತಾಯಿ ಕಾರ್ಡಿನಲ್ಲಿ ಬಿಪಿ 160/110 ಎಂದು ಬರೆದಿದೆ. 140/90 ಮುಟ್ಟಿದರೇ ಎಚ್ಚರ ವಹಿಸಬೇಕು. ಇದಂತೂ ಫಿಟ್ಸ್ ಬರಬಹುದಾದ, ಮೆದುಳಿನಲ್ಲಿ ರಕ್ತ ಒಸರಬಹುದಾದ ಮಟ್ಟ. ಅದಕ್ಕೇ ಹೊರಡುವ ಮೊದಲೇ ಸೊಂಟದ ಎರಡೂ ಬದಿಗೆ ಐದೈದು ಗ್ರಾಂ ಮೆಗ್ನೀಷಿಯಂ ಸಲ್ಫೇಟ್ ಚುಚ್ಚಿ ಕಳಿಸಿದ್ದಾರೆ. ಇದು ಫಿಟ್ಸಿನ ಅಪಾಯವನ್ನು ಅರ್ಧಕ್ಕರ್ಧ ಇಳಿಸುತ್ತದೆಂದು 2002ರಲ್ಲಿ, 33 ದೇಶಗಳ ಸುಮಾರು ಹತ್ತು ಸಾವಿರ ಹೆಂಗಸರನ್ನೊಳಗೊಂಡ ಮ್ಯಾಗ್‌ಪೈ ಅಧ್ಯಯನ ತೋರಿಸಿಕೊಟ್ಟಿತು.

ಆಂಬುಲೆನ್ಸು ಹೊರಟಿರುವುದು ಚಾಮರಾಜನಗರಕ್ಕೆ. ಅಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾದದ್ದು 2016ರಲ್ಲಿ. ಅಲ್ಲಿಯೂ ಆಗದ ಕೇಸೆಂದರೆ ಮುಂದಿನ ದಾರಿ ಮೈಸೂರಿನ ಚೆಲುವಾಂಬ ಆಸ್ಪತ್ರೆ.

ಬನ್ನಿ, ಸಿಸೇರಿಯನ್ನಿಗೆ ಸಜ್ಜಾದ ಆಪರೇಷನ್ ಕೋಣೆಯ ಬಾಗಿಲ ಬಳಿ ನಿಲ್ಲೋಣ. ಸ್ಪಿರಿಟ್ಟಿನ ವಾಸನೆ, ಮಾನಿಟರಿನ ಟಿಕ್ ಟಿಕ್, ತೋಳು ಹಿಂಡಿ ಬಿಡುವ ಬಿಪಿ ಪಟ್ಟಿಯ ಸುಯ್ಯೆನ್ನುವ ಸದ್ದು. ಅರಿವಳಿಕೆ ವೈದ್ಯೆ ಮೊದಲು ಪ್ಲೇಟ್‌ಲೆಟ್ ಚೀಟಿ ನೋಡುತ್ತಾರೆ. ಅದು ತೀರಾ ಕಡಿಮೆಯಿದ್ದರೆ ಸೂಜಿ ಚುಚ್ಚಿದಾಗ ಬೆನ್ನೊಳಗೆ ರಕ್ತ ಒಸರಿ ಶೇಖರವಾಗುವ ಭಯ. ಆಮೇಲೆ, “ಬಾಯಿ ತೆಗೀವ್ವ, ನಾಲ್ಗೆ ಚಾಚು.” ಮೈ ಊದಿದವಳಿಗೆ ಗಂಟಲೂ ಊದಿರಬಹುದು. ಪೂರ್ತಿ ಮತ್ತು ಕೊಟ್ಟು ಗಂಟಲಿಗೆ ನಳಿಕೆ ಇಳಿಸುವುದು ಕಷ್ಟ. ಇಳಿಸುವ ಗಳಿಗೆಯಲ್ಲಿ ಬಿಪಿ ದಿಢೀರನೆ ಏರುತ್ತದೆ. ಹಾಗಾಗಿ ಸಾಧ್ಯವಾದಷ್ಟೂ ಬೆನ್ನಿನ ಸೂಜಿಗೇ ಮೊದಲ ಮಣೆ.

“ಬೆನ್ನು ಬಾಗ್ಸವ್ವ, ಗದ್ದ ಎದೆಗೆ ತಾಕ್ಲಿ.” ಸಿಸ್ಟರು ಎರಡೂ ಭುಜ ಹಿಡಿದು ನಿಲ್ಲುತ್ತಾರೆ. ತೆಳ್ಳನೆಯ ಸೂಜಿ ಸೊಂಟದ ಮೂಳೆಗಳ ನಡುವೆ ನಿಧಾನಕ್ಕೆ ಇಳಿದು, ಅದರ ಹಿಂತುದಿಯಲ್ಲಿ ತಿಳಿನೀರಿನಂಥ ಹನಿಯೊಂದು ಮೂಡುತ್ತದೆ. ಹೊಕ್ಕಿದ್ದು ಸರಿಯಾದ ಜಾಗಕ್ಕೇ ಎಂಬುದಕ್ಕೆ ಅದೇ ಗುರುತು. ಎರಡು ಎಂಎಲ್‌ನಷ್ಟು ಬುಪಿವಕೇನ್ ಒಳಹೋಗುತ್ತಿದ್ದಂತೆ, “ಕಾಲು ಬಿಸಿಯಾಯ್ತಾ ಅದೆ ಕನಕ್ಕ” ಎಂಬ ಕ್ಷೀಣ ದನಿ.

ಬಿಪಿ ಹೆಚ್ಚಿದ್ದವರಿಗೆ ಈ ಸೂಜಿ ಕೊಟ್ಟರೆ ಅದು ಪಾತಾಳಕ್ಕಿಳಿದೀತೆಂದು ಹಿಂದೆಲ್ಲ ಹೆದರುತ್ತಿದ್ದರು. ನಿಜದಲ್ಲಿ ಇಂಥವರ ಬಿಪಿ ಸಾಮಾನ್ಯ ಬಸುರಿಯರಷ್ಟೂ ಕುಸಿಯುವುದಿಲ್ಲ. ಆದರೂ ವೈದ್ಯೆಯ ಕಣ್ಣು ಮಾನಿಟರ್ ಬಿಟ್ಟು ಕದಲದು: ಏರಿದರೆ ತಾಯಿಯ ಮೆದುಳಿಗೆ ಕುತ್ತು, ಇಳಿದರೆ ಮಗುವಿಗೆ ಹರಿಯುವ ರಕ್ತಕ್ಕೆ ಕೊರತೆ. ಬಲಸೊಂಟದಡಿ ಮಡಿಸಿದ ಬಟ್ಟೆಯಿಟ್ಟು ಎಡಕ್ಕೆ ವಾಲಿಸುತ್ತಾರೆ. ಬಿಪಿ ಇಳಿದರೆ ಏರಿಸಲು ಫೆನೈಲೆಫ್ರಿನ್ ಸಿರಿಂಜು ಸಿದ್ಧವಿರುತ್ತದೆ. ಮಗು ಅತ್ತ ಮೇಲೆ ಗರ್ಭಕೋಶ ಬಿಗಿಯಲು ಆಕ್ಸಿಟೋಸಿನ್ ನಿಧಾನವಾಗಿ ಹೋಗುತ್ತದೆ. ಬಿಪಿ ಏರಿಸುವ ಮೆಥರ್ಜಿನ್ ಮಾತ್ರ ಇವಳಿಗೆ ಬೇಡ.

ವಾರ್ಡಿನಲ್ಲಿ ಇನ್ನೂ 24 ಗಂಟೆ ಮೆಗ್ನೀಷಿಯಂ ಮುಂದುವರಿಯುತ್ತದೆ. ಮಂಡಿಗೆ ಸುತ್ತಿಗೆಯಿಂದ ತಟ್ಟಿ, ಉಸಿರೆಣಿಸಿ, ಮೂತ್ರದ ಚೀಲ ನೋಡಿ ಬರೆದಿಡುತ್ತಾರೆ. ಔಷಧ ಮಿತಿಮೀರಿದರೆ ಇರಲೆಂದು ಕ್ಯಾಲ್ಸಿಯಂ ಗ್ಲುಕೋನೇಟ್ ಕೈಗೆಟುಕುವಂತಿರುತ್ತದೆ. ಹೆರಿಗೆಯಾದ ಮೂರರಿಂದ ಆರನೇ ದಿನದಲ್ಲಿ ಬಿಪಿ ಮತ್ತೆ ಏರುವುದುಂಟು. ಅದಕ್ಕೇ ಸಿಸ್ಟರು ಅತ್ತೆಗೆ ಹೇಳುವ ಮಾತು ಇಷ್ಟೇ: “ಹೆರಿಗೆ ಆಯ್ತು ಅಂತ ಮಾತ್ರೆ ಬುಡಿಸ್ಬೇಡಿ ಕನವ್ವ. ತಲೆನೋವು ಅಂದ್ರೆ ರಾತ್ರಿಯಾದ್ರೂ ಕರ್ಕೊಂಡ್ ಬನ್ನಿ.”