ರಕಾರ ಬಾರದ ಹುಡುಗನ ಕಂಠಶ್ರೀ

ಕಂಠದ ಬಲದಿಂದಲೇ ಲೋಕಪ್ರಸಿದ್ಧನಾದ ನಟನೊಬ್ಬನು ಬಾಲ್ಯದಲ್ಲಿ ತನ್ನ ಹೆಸರನ್ನೇ ಶುದ್ಧವಾಗಿ ನುಡಿಯಲಾರದವನಾಗಿದ್ದನೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಕ್ಲಾಡ್ ರೇನ್ಸ್ 1889ರಲ್ಲಿ ಲಂಡನ್ ನಗರದ ಬಡ ಕುಟುಂಬವೊಂದರಲ್ಲಿ ಹುಟ್ಟಿದನು. ಅವನ ನಾಲಗೆಗೆ ರಕಾರವು ಹೊರಳುತ್ತಿರಲಿಲ್ಲ. ‘ರೇನ್ಸ್’ ಎನ್ನಹೋದರೆ ‘ವೇನ್ಸ್’ ಎಂದಾಗುತ್ತಿತ್ತು. ಅದರ ಮೇಲೆ ಬಡಕೇರಿಗಳ ಕಾಕ್ನಿ ಎಂಬ ಆಡುನುಡಿ. ಶಾಲೆಯ ಓದು ಬೇಗನೆ ನಿಂತಿತು. ಹುಡುಗನು ಹಿಸ್ ಮೆಜೆಸ್ಟೀಸ್ ನಾಟಕಶಾಲೆಯಲ್ಲಿ, ನಟರನ್ನು ಸಮಯಕ್ಕೆ ಸರಿಯಾಗಿ ರಂಗಕ್ಕೆ ಕೂಗಿ ಕರೆಯುವ ಕೆಲಸಕ್ಕೆ ಸೇರಿದನು.

ಆ ನಾಟಕಶಾಲೆಯ ಒಡೆಯನಾದ ಹರ್ಬರ್ಟ್ ಬೀರ್ಬೋಮ್ ಟ್ರೀ ಎಂಬ ಮಹಾನಟನು ಈ ಹುಡುಗನಲ್ಲಿ ಸತ್ತ್ವವನ್ನು ಕಂಡು, ಸ್ವಂತ ಹಣದಿಂದ ಉಚ್ಚಾರಣೆಯ ಪಾಠ ಹೇಳಿಸಿದನು, ಪುಸ್ತಕಗಳನ್ನೂ ಕೊಟ್ಟನು. ಮುಂದೆ 1914ರಲ್ಲಿ ಬರ್ನಾರ್ಡ್ ಷಾ ಅವರ ‘ಪಿಗ್ಮೇಲಿಯನ್’ ನಾಟಕ ಲಂಡನ್ನಿನಲ್ಲಿ ನಡೆದಾಗ, ಹೂ ಮಾರುವ ಹುಡುಗಿಯ ನುಡಿಯನ್ನು ತಿದ್ದುವ ಪಂಡಿತನ ಪಾತ್ರವನ್ನು ವಹಿಸಿದವನು ಇದೇ ಟ್ರೀ. ನಾಟಕಕ್ಕೆ ಮೊದಲೇ ಆ ಪಾತ್ರವನ್ನು ಅವನು ಬಾಳಿನಲ್ಲಿ ಆಡಿ ಮುಗಿಸಿದ್ದನೆನ್ನಬೇಕು! ಹೆತ್ತವರ ನುಡಿಯನ್ನು ಬಾಯಿಂದ ತೊಳೆದುಕೊಂಡವನಿಗೆ ಮಾತ್ರ ದೊಡ್ಡ ಪಾತ್ರವೆಂಬ ಅಂದಿನ ರಂಗಭೂಮಿಯ ಕಟ್ಟಳೆಯನ್ನು ನಾವು ಮೆಚ್ಚಲಾರೆವು. ಆದರೆ ನಾಲಗೆಯ ತೊಡಕನ್ನು ಗೆದ್ದ ಛಲವು ಬೇರೆಯೇ ಮಾತು. ಅದು ಯಾವ ಭಾಷೆಯವರಿಗೂ ಮಾನ್ಯವಾದುದು.

ಮೊದಲನೆಯ ಮಹಾಯುದ್ಧದಲ್ಲಿ ರೇನ್ಸನು ಸಾಮಾನ್ಯ ಸಿಪಾಯಿಯಾಗಿ ಸೇರಿ ಕ್ಯಾಪ್ಟನ್ ಪದವಿಗೇರಿದನು. 1916ರಲ್ಲಿ ಫ್ರಾನ್ಸಿನ ವಿಮೀ ಎಂಬಲ್ಲಿ ವಿಷವಾಯುವಿನ ಹೊಡೆತದಿಂದ ಒಂದು ಕಣ್ಣಿನ ದೃಷ್ಟಿ ಬಹುಮಟ್ಟಿಗೆ ನಷ್ಟವಾಯಿತು. ಯುದ್ಧಾನಂತರ ಟ್ರೀ ಸ್ಥಾಪಿಸಿದ್ದ ನಾಟ್ಯವಿದ್ಯಾಲಯದಲ್ಲಿಯೇ ಅವನು ಉಪಾಧ್ಯಾಯನಾದನು. ಜಾನ್ ಗೀಲ್ಗುಡ್, ಚಾರ್ಲ್ಸ್ ಲಾಟನ್ ಮೊದಲಾದವರು ಅವನ ಶಿಷ್ಯರು. ಉಚ್ಚಾರಣೆಯನ್ನು ದಾನವಾಗಿ ಪಡೆದವನು ಋಣವನ್ನು ತೀರಿಸಿದ ರೀತಿ ಇದು.

ಹಾಲಿವುಡ್ಡಿನಲ್ಲಿ ಅವನ ಮೊದಲ ಚಿತ್ರವು 1933ರ ‘ದಿ ಇನ್ವಿಸಿಬಲ್ ಮ್ಯಾನ್’. ನಾಯಕನು ಅದೃಶ್ಯ ಪುರುಷ. ಮೈತುಂಬ ಬಟ್ಟೆ, ಮುಖತುಂಬ ಪಟ್ಟಿ. ಅವು ಕಳಚಿದರೆ ಬರಿಯ ಬಯಲು. ನಟನ ಮುಖ ಪ್ರೇಕ್ಷಕರಿಗೆ ಕಾಣುವುದು ಕಟ್ಟಕಡೆಯಲ್ಲಿ, ಅದೂ ಮರಣಶಯ್ಯೆಯಲ್ಲಿ. ಅಲ್ಲಿಯವರೆಗೆ ಮದ, ಕ್ರೋಧ, ಉನ್ಮಾದ, ಅಟ್ಟಹಾಸಗಳನ್ನೆಲ್ಲ ಹೊತ್ತು ನಡೆಸಿದುದು ಬಹುಮಟ್ಟಿಗೆ ಆ ಕಂಠವೊಂದೇ. ನಲವತ್ತು ದಾಟಿದ, ಎತ್ತರವೂ ಹೆಚ್ಚಿಲ್ಲದ ಮನುಷ್ಯನು ರೂಪಕ್ಕೆ ಮರುಳಾಗುವ ಆ ಊರನ್ನು ಹೀಗೆ ಧ್ವನಿಯಿಂದ ಗೆದ್ದನು.

1939ರಲ್ಲಿ ಅಮೆರಿಕದ ಪ್ರಜೆಯಾದನು. 1942ರ ‘ಕಾಸಾಬ್ಲಾಂಕಾ’ದಲ್ಲಿ ಗಾಳಿ ಬಂದತ್ತ ತೂರಿಕೊಳ್ಳುವ ಪೋಲೀಸ್ ಅಧಿಕಾರಿಯಾಗಿ ಅವನು ಆಡುವ ನಯವಾದ, ಲಜ್ಜೆಗೆಟ್ಟ ಮಾತುಗಳನ್ನು ಕೇಳಿದವರು ಮರೆಯರು, ಕಚೇರಿಗಳಲ್ಲಿ ಕುಳಿತ ನಮ್ಮ ವಾಚಕರಂತೂ ಅಂಥವರನ್ನು ಕಂಡೇ ಇದ್ದಾರು. ಆಸ್ಕರ್ ಬಹುಮಾನಕ್ಕೆ ನಾಲ್ಕು ಸಲ ಹೆಸರು ಬಂದಿತು, ಒಮ್ಮೆಯೂ ದೊರೆಯಲಿಲ್ಲ. ದೊರೆತುದು ರಂಗಭೂಮಿಯ ಟೋನಿ ಬಹುಮಾನ, 1951ರಲ್ಲಿ, ‘ಡಾರ್ಕ್‌ನೆಸ್ ಅಟ್ ನೂನ್’ ನಾಟಕದ ಬಂದಿಯ ಪಾತ್ರಕ್ಕಾಗಿ. ಆಗ ಅವನಿಗೆ ಅರುವತ್ತು ದಾಟಿತ್ತು. 1967ರಲ್ಲಿ, ಎಪ್ಪತ್ತೇಳನೆಯ ವಯಸ್ಸಿನಲ್ಲಿ, ಅಮೆರಿಕದ ನ್ಯೂ ಹ್ಯಾಂಪ್‌ಷೈರಿನಲ್ಲಿ ಕಾಲವಾದನು.